ಹದಿನಾಲ್ಕನೇ ಮನೆಯ ಆರು ಗಂಟೆ ಬಿಡುವು

ಅರ್ಥಶಾಸ್ತ್ರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ವಿಭಾಗದ ಸಾಧನೆಗಳ ಪುಸ್ತಿಕೆಯ ಮೊದಲ ಪುಟದಲ್ಲೇ ಪದಕ ಹಿಡಿದು ನಗುತ್ತಿದ್ದೀರಿ. ಆ ಪದಕ ತಂದುಕೊಟ್ಟ ‘ಗೃಹಿಣಿಯರ ಸಮಯ ಬಳಕೆ’ ಅಧ್ಯಯನ ಶುದ್ಧ ಸುಳ್ಳು. ಅದಕ್ಕಾಗಿ ನೀವು ಸತ್ತವರನ್ನೂ ಸಂದರ್ಶಿಸಿದ್ದೀರಿ. ವಿದ್ವತ್ತಿನ ಕೈ ಇಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ.

ಅದರ ಕೊನೆಯ ಕೋಷ್ಟಕವನ್ನು ಟೈಪ್ ಮಾಡಿದವಳು ನಾನು. ನೌಕರರ ವಸತಿಗೃಹದ ನಲವತ್ತು ಮನೆಗಳ ಹೆಂಗಸರು ದಿನವಿಡೀ ಏನು ಮಾಡುತ್ತಾರೆಂಬ ಪಟ್ಟಿ ಅದು. ಹದಿನಾಲ್ಕನೇ ಮನೆಗೆ ಬಂದಾಗ ಕೈ ನಿಂತಿತು. ಅದು ನಮ್ಮ ಮನೆ. ನನ್ನ ತಾಯಿಗೆ ದಿನಕ್ಕೆ ಆರು ಗಂಟೆ ಬಿಡುವಿದೆಯೆಂದು ಅಲ್ಲಿತ್ತು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗಲಂತೂ ನಡುವೆ ನಾಲ್ಕು ಸಲ ಎದ್ದು ಓಡದೆ ಒಂದು ಊಟ ಮುಗಿಸಿದ್ದನ್ನು ನಾನು ಕಂಡಿಲ್ಲ. ಹಾಳೆ ಹಿಡಿದು ನಿಮ್ಮ ಕೋಣೆಗೆ ಬಂದೆ.

“ಸರ್, ಹದಿನಾಲ್ಕು ನಮ್ಮನೆ. ಅಮ್ಮ ಹೋಗಿ ಎರಡು ವರ್ಷ ಆಯ್ತಲ್ಲ ಸರ್.”

ನೀವು ಮೊಬೈಲಿನಿಂದ ತಲೆಯೆತ್ತಲಿಲ್ಲ. “ಸರಾಸರಿ ಸರಿ ಬಂದಿದೆ ತಾನೇ? ಒಬ್ಬರು ಇದ್ರೇನು, ಹೋದ್ರೇನು? ಟೈಪ್ ಮಾಡಿ ನೀವು.”

ಮಾಡಿದೆ. ಅದು ನನ್ನ ಪಾಲಿನ ನಾಚಿಕೆ, ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೂ ಮನಸ್ಸು ತಡೆಯದೆ ಎರಡು ಭಾನುವಾರ ಉಳಿದ ಮನೆಗಳ ಬಾಗಿಲು ತಟ್ಟಿದೆ. ಪ್ರಶ್ನೆ ಕೇಳಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಪಕ್ಕದ ಮನೆಯಾಕೆ ಬಿದ್ದು ಬಿದ್ದು ನಕ್ಕಳು: “ಬಿಡುವಾ? ನಂಗಾ? ಬಂದಿದ್ರೆ ಅವರ ಕೈಗೇ ಪಾತ್ರೆ ಕೊಟ್ಟು ತೊಳೆಸ್ತಿದ್ದೆ!” ನಿವಾಸಿಗಳ ಹಳೆಯ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಕುರ್ಚಿ ಬಿಟ್ಟೇಳದೆ ನಲವತ್ತು ಸಂಸಾರಗಳ ಒಳಹೊಕ್ಕು ಬಂದಿರಲ್ಲ, ನಿಮಗೆ ಕಾಲುಗಳಾದರೂ ಏಕೆ ಬೇಕು?

ಇಷ್ಟೇ ಆಗಿದ್ದರೆ ನಿಮ್ಮ ಪದಕ ನಿಮಗಿರಲಿ ಎಂದು ಸುಮ್ಮನಾಗುತ್ತಿದ್ದೆ. ಆದರೆ ‘ಮನೆಗಳಲ್ಲಿ ಬಿಡುವಿನ ಹೆಂಗಸರಿರುವುದರಿಂದ ಶಿಶುಪಾಲನಾ ಕೇಂದ್ರ ಅನಗತ್ಯ’ ಎಂದು ನೀವು ಶಿಫಾರಸು ಮಾಡಿದಿರಿ. ಮರುತಿಂಗಳೇ ವಿಶ್ವವಿದ್ಯಾಲಯದ ಆ ಕೇಂದ್ರಕ್ಕೆ ಬೀಗ ಬಿತ್ತು. ಈಗ ಅದು ನಿಮ್ಮ ಸಭಾಕೊಠಡಿ. ಗೋಡೆಯ ಮೇಲಿನ ಆನೆಮರಿಗಳನ್ನು ಅಳಿಸುವಷ್ಟೂ ಪುರಸೊತ್ತಿಲ್ಲದೆ, ಅವುಗಳ ಕೆಳಗೇ ಕೂತು ಮಾನವ ಅಭಿವೃದ್ಧಿಯನ್ನು ಚರ್ಚಿಸುತ್ತೀರಿ.

ಗ್ರಂಥಾಲಯ ಗುಡಿಸುತ್ತಿದ್ದಾಕೆಯನ್ನು ನೀವು ನೋಡಿರಲಾರಿರಿ. ನಿಮ್ಮ ಕೋಷ್ಟಕಗಳಲ್ಲಿ ಆಕೆಗೆ ಸಾಲಿಲ್ಲ. ಕೇಂದ್ರ ಮುಚ್ಚಿದ ಮೇಲೆ ಎಂಟು ತಿಂಗಳ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ವಾರ ಗುಡಿಸಿದಳು. ಧೂಳಿಗೆ ಕೂಸು ಕೆಮ್ಮತೊಡಗಿತು. ಓದುವವರಿಗೆ ತೊಂದರೆಯೆಂದು ಮೇಲ್ವಿಚಾರಕರು ಗದರಿದರು. ಕೆಲಸ ಬಿಟ್ಟ ದಿನ ನನ್ನ ಮೇಜಿನ ಬಳಿ ಬಂದು, “ನಮ್ಮಂಥವರಿಗೆ ಆರು ಗಂಟೆ ಬಿಡುವಿದೆ ಅಂತ ಸಾಹೇಬ್ರು ಬರೆದಿದ್ದಾರಂತಲ್ಲಕ್ಕಾ, ಅದನ್ನ ಎಲ್ಲಿಟ್ಟಿದ್ದಾರೋ ಒಂಚೂರು ಕೇಳಿ ಇಸ್ಕೊಡಿ” ಎಂದಳು. ನಗುತ್ತಲೇ ಹೇಳಿದಳು.

ಮರುದಿನ ಈ ವಿಷಯವನ್ನೆಲ್ಲ ಬರೆದು ದೂರು ಕೊಟ್ಟೆ. ವಿಚಾರಣಾ ಸಮಿತಿಯ ಅಧ್ಯಕ್ಷರು ಯಾರು? ತಾವೇ! ನಿಮ್ಮ ಮೇಲೆ ನೀವೇ ವಿಚಾರಣೆ ನಡೆಸಿ, ನಿಮ್ಮನ್ನು ನೀವೇ ನಿರ್ದೋಷಿ ಎಂದಿರಿ. ನನ್ನನ್ನು ಹಳೆಯ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ವರ್ಗಾಯಿಸಿದಿರಿ. ಹಾಗಾಗಿಯೇ ಈ ಪತ್ರ ಬಹಿರಂಗವಾಗಿದೆ.

ನನಗೆ ಬೇಕಿರುವುದು ನಿಮ್ಮ ಕ್ಷಮೆಯಲ್ಲ. ಅದನ್ನೂ ಕೂತಲ್ಲೇ ಹುಟ್ಟಿಸಿಕೊಡುತ್ತೀರಿ. ಅಧ್ಯಯನ ಸುಳ್ಳೆಂದು ಕುಲಪತಿಗಳಿಗೆ ಒಂದೇ ಸಾಲು ಬರೆಯಿರಿ, ಶಿಶುಪಾಲನಾ ಕೇಂದ್ರದ ಬೀಗ ತೆಗೆಸಿ, ಆಕೆಯನ್ನು ಕೆಲಸಕ್ಕೆ ಕರೆಸಿ. ಬರೆಯುವ ಅಭ್ಯಾಸ ತಪ್ಪಿದ್ದರೆ ಹೇಳಿ, ನಾನೇ ಟೈಪ್ ಮಾಡಿ ತರುತ್ತೇನೆ. ಸಹಿಯೊಂದನ್ನಾದರೂ ಸ್ವಂತವಾಗಿ ಹಾಕಿ.

ಇಂತಿ,
ಇಪ್ಪತ್ತೆರಡು ವರ್ಷ ನಿಮ್ಮ ಕಾಗುಣಿತವನ್ನು ಮಾತ್ರ ತಿದ್ದಿ ಸುಮ್ಮನಿದ್ದ
ವಿಭಾಗದ ಬೆರಳಚ್ಚುಗಾರ್ತಿ