ನನ್ನ ಕೈ ಮುರಿದವನ ಎದೆಬಡಿತ

ಅನಾರ್‌ಕಾನಳ ಮಗ ಶೆರ್‌ಗಾಜಿಗೆ,

ಹೆಸರಿನ ಮುಂದೆ ಪ್ರೀತಿಯ ಎಂದು ಬರೆಯಲು ಮನಸ್ಸು ಬರಲಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಯಾರನ್ನು ಬೈಯಬೇಕೆಂದು ನಿನಗೇ ಗೊತ್ತಿದೆ. ಕೇಸು ವಾಪಸು ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಂಡು ಈ ಕಾಗದ ಬಿಚ್ಚಿದ್ದರೆ ಆ ಆಸೆ ಇಲ್ಲೇ ಬಿಡು. ಆದರೆ ಕಾಗದ ಹರಿಯಬೇಡ, ಕೊನೆಯವರೆಗೂ ಓದು. ನೌರುಜ್ ಹಬ್ಬದಲ್ಲಿ ಹೋತದ ಹೆಣಕ್ಕೆ ಕಿತ್ತಾಡುವ ಆಟಕ್ಕೆ ನೀನು ಕುದುರೆ ಹತ್ತಿದರೆ ಸಾಯುತ್ತೀಯ. ಇದು ಶಾಪವಲ್ಲ, ವೈದ್ಯೆಯಾಗಿ ಹೇಳುತ್ತಿದ್ದೇನೆ.

ಆ ದಿನ ಬಿಷ್ಕೆಕ್ ಆಸ್ಪತ್ರೆಯ ಪಡಸಾಲೆಯಲ್ಲಿ ನೀನು ಏನೇನು ಮಾಡಿದೆ ಎಂದು ನಿನಗೆ ಪೂರ್ತಿ ನೆನಪಿರಲಿಕ್ಕಿಲ್ಲ. ನನಗಿದೆ. ನಾನು ಹೊರಬಂದು "ನಿಮ್ಮ ತಾಯಿ ತೀರಿಕೊಂಡರು" ಎಂದೆ. ನೀನು ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದೆ. ಬಿಡಿಸಲು ಬಂದ ನನ್ನ ಶಿಷ್ಯ ತಿಲೆಕ್‌ನ ದವಡೆಗೆ ಬೂಟುಗಾಲಿನಲ್ಲಿ ಒದ್ದೆ. ಅವನು ಹಲ್ಲು ಉಗುಳುತ್ತಾ ಬಿದ್ದ. ಆಮೇಲೆ "ಈ ಕೈಯಲ್ಲಿ ತಾನೇ ಕೊಂದಿದ್ದು?" ಎಂದು ಕೇಳಿ ನನ್ನ ಬಲಗೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ಇಟ್ಟು ಬಾಗಿಲು ಬಡಿದೆ. ಒಂದು ಸಲ ಸಾಲದೆಂದು ಮತ್ತೆ ತೆರೆದು ಬಡಿದೆ. ಬೆರಳಿನ ಮೂಳೆ ಒಡೆಯುವ ಸದ್ದು ಒಣ ಸೌದೆ ಮುರಿದ ಹಾಗೇ ಇರುತ್ತದೆ. ನಾನು ಕಿರುಚಿದೆ ಎಂದು ನರ್ಸುಗಳು ಹೇಳುತ್ತಾರೆ, ನನಗೆ ಕೇಳಿಸಲಿಲ್ಲ.

ಆ ಕೈ ಎಂಥದೆಂದು ನಿನಗೆ ತಿಳಿದಿರಲಿ. ನಾರಿನ್ ಬೆಟ್ಟಗಳಲ್ಲಿ ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುತ್ತಿದ್ದವನ ಮಗಳು ನಾನು. ಅಪ್ಪ ಕತ್ತು ಕೊಯ್ದು ಎದೆ ಸೀಳಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಹೃದಯವನ್ನು ಸುತ್ತಿದ ತೆಳು ಚೀಲವನ್ನು ಸುಲಿದು ನಾಯಿಗೆ ಎಸೆಯುತ್ತಿದ್ದ. ನಾನು ನಾಯಿಯ ಬಾಯಿಂದ ಅದನ್ನು ಕಿತ್ತುಕೊಂಡು ಎಳೆದಾಡುತ್ತಿದ್ದೆ, ಹರಿಯುತ್ತಲೇ ಇರಲಿಲ್ಲ. "ಹುಚ್ಚು ಹುಡುಗಿ, ಅದರಲ್ಲೇನು ಟೋಪಿ ಹೊಲೀತೀಯಾ?" ಎಂದು ಅಪ್ಪ ನಗುತ್ತಿದ್ದ. ಮಾಸ್ಕೋದಲ್ಲಿ ಓದಿ, ತೊಡೆಯ ರಕ್ತನಾಳದಿಂದ ತಂತಿ ಏರಿಸಿ ಹೃದಯ ಮುಟ್ಟುವುದನ್ನು ಜರ್ಮನಿಯಲ್ಲಿ ಕಲಿತು ಊರಿಗೆ ಮರಳಿದೆ. ಅದೇ ಚೀಲದ ಪೊರೆಯನ್ನು ಹದ ಮಾಡಿ, ರೆಪ್ಪೆಯಂತೆ ಮೂರು ಎಸಳು ಕತ್ತರಿಸಿ, ತಂತಿಬಲೆಗೆ ರೇಷ್ಮೆ ದಾರದಲ್ಲಿ ಹೊಲಿದೆ. ಮಡಚಿದರೆ ಪೆನ್ಸಿಲಿನಷ್ಟು, ಒಳಗೆ ಬಿಚ್ಚಿದರೆ ಹೃದಯದ ಬಾಗಿಲು, ಅಂದರೆ ಕವಾಟ.

ಸುಲಭಕ್ಕೆ ಆಗಲಿಲ್ಲ ಮಾರಾಯ. ಕುರಿಗಳ ಮೇಲೆ ಪ್ರಯೋಗ ಮಾಡುವಾಗ ಒಂದರಲ್ಲಿ ಕವಾಟ ಜಾರಿ ಮೇಲಿನ ನಾಳಕ್ಕೆ ಹೋಯಿತು, ಇನ್ನೊಂದರಲ್ಲಿ ಬಲೆಯ ಮೊನೆ ಹೃದಯವನ್ನೇ ತೂತು ಮಾಡಿತು. ಮೇಜಿನ ತುಂಬ ರಕ್ತ. ಸತ್ತ ಒಂದೊಂದು ಕುರಿಯ ಎದೆಯನ್ನೂ ನಾನೇ ಸೀಳಿ ನೋಡಿ, ಬಲೆಯನ್ನು ಮತ್ತೆ ಬಗ್ಗಿಸಿದೆ. ಕಡೆಗೆ ಒಂದು ಕುರಿ ಎದ್ದು ನಿಂತು ನನ್ನ ಕೋಟಿನ ಅಂಚು ಮೆಲ್ಲಲು ಶುರು ಮಾಡಿದಾಗ ನಾನು ಅತ್ತುಬಿಟ್ಟೆ. ಆ ಮೇಲೆ ಎಷ್ಟೋ ಮನುಷ್ಯರು ನನ್ನ ಕವಾಟ ಹೊತ್ತು ನಡೆದು ಮನೆಗೆ ಹೋದರು. ನಿನ್ನ ತಾಯಿ ಹೋಗಲಿಲ್ಲ.

ಅದನ್ನು ಹೇಳಲು ನೀನು ಬಿಡಲಿಲ್ಲ, ಈಗ ಕೇಳು. ಎಲ್ಲರಿಗೂ ಹೃದಯದ ಆ ಬಾಗಿಲಿಗೆ ಮೂರು ಎಸಳಿರುತ್ತವೆ. ಅನಾರ್‌ಕಾನಳಿಗೆ ಹುಟ್ಟಿನಿಂದ ಎರಡೇ ಇದ್ದವು. ಅವೂ ಕಲ್ಲುಗಟ್ಟಿ, ರಕ್ತ ಹೋಗಲು ಸಂದಿಯೇ ಉಳಿದಿರಲಿಲ್ಲ. ಎದೆ ಬಿಚ್ಚಿದರೆ ತಡೆಯುವ ಶಕ್ತಿ ಇರಲಿಲ್ಲ, ಅದಕ್ಕೇ ನನ್ನ ಬಳಿ ಬಂದದ್ದು. ಕವಾಟ ಚೆನ್ನಾಗಿಯೇ ಬಿಚ್ಚಿಕೊಂಡಿತು. ಪೂರ್ತಿ ಮಂಪರು ಕೊಟ್ಟಿರಲಿಲ್ಲ, ಎಚ್ಚರವಿದ್ದಳು. ತುಟಿಗೆ ಬಣ್ಣ ಬಂತು. "ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಾಯ್ತು ಮಗಳೇ. ಶೆರ್‌ಗಾಜಿಗೆ ಹೇಳು, ಹೊರಗೆ ನಿಂತು ಉಗುರು ಕಚ್ಚೋದು ಬಿಡು ಅಂತ" ಎಂದಳು. ನಾವು ನಕ್ಕೆವು. ಸ್ವಲ್ಪ ಹೊತ್ತಿಗೆ ಕವಾಟದ ಮೇಲಿನ ದೊಡ್ಡ ರಕ್ತನಾಳ ಹರಿಯಿತು. ಈ ಕಾಯಿಲೆಯವರಲ್ಲಿ ಆ ಗೋಡೆಯೂ ತೆಳುವಾಗಿರುತ್ತದೆ. ನಾನೂ ತಿಲೆಕ್‌ನೂ ಸರದಿಯಂತೆ ಎದೆ ಒತ್ತಿದೆವು. ಅವಳ ಪಕ್ಕೆಲುಬು ನನ್ನ ಅಂಗೈ ಕೆಳಗೇ ಮುರಿಯಿತು. ಆದರೂ ಒತ್ತಿದೆ. ತಿಲೆಕ್ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆಯುವವರೆಗೂ ಒತ್ತಿದೆ. ಅವಳ ಮಾತನ್ನು ನಿನಗೆ ಹೇಳಬೇಕೆಂದೇ ಬಾಗಿಲು ತೆರೆದು ಹೊರಬಂದದ್ದು.

ಈಗ ಮುಖ್ಯ ವಿಷಯ. ಕೈ ಜಜ್ಜಿದ ಮೇಲೆ ನೀನು ನನ್ನನ್ನು ಎತ್ತಿ, ಕತ್ತನ್ನು ತೋಳಿನಲ್ಲಿ ಬಿಗಿದು ಎದೆಗೆ ಅವುಚಿ ಹಿಸುಕಿದೆ. ನನಗೆ ಉಸಿರು ಕಟ್ಟಿತ್ತು, ಕಣ್ಣಿಗೆ ರಕ್ತ ಇಳಿದಿತ್ತು. ಕಿವಿ ಮಾತ್ರ ನಿನ್ನ ಎದೆಗೆ ಅಂಟಿತ್ತು. ಅಲ್ಲಿ ಒಂದೊಂದು ಬಡಿತದ ನಡುವೆಯೂ ಗರಗಸ ಎಳೆದ ಹಾಗೆ ಒರಟು ಸದ್ದು. ಅದರ ನಡುಕ ಅಂಗಿಯ ಮೇಲಿಂದಲೇ ಕೆನ್ನೆಗೆ ತಾಕಿತು. ಆ ಸದ್ದನ್ನು ನಾನು ಅಂದು ಬೆಳಿಗ್ಗೆಯೇ ಕೇಳಿದ್ದೆ, ನಿನ್ನ ತಾಯಿಯ ಎದೆಯಲ್ಲಿ. ಈ ಕಾಯಿಲೆ ಎಷ್ಟೋ ಸಲ ತಾಯಿಯಿಂದ ಮಗನಿಗೆ ಇಳಿದು ಬರುತ್ತದೆ. ಕಾವಲಿನವರು ಬಂದು ಬಿಡಿಸುವವರೆಗೂ ನೀನು ನನ್ನನ್ನು ಕೊಲ್ಲುತ್ತಿದ್ದೆ, ನಾನು ನಿನ್ನ ರೋಗ ಪತ್ತೆ ಮಾಡುತ್ತಿದ್ದೆ. ನನ್ನ ಕಸುಬು ಎಂಥ ದರಿದ್ರದ್ದು ನೋಡು.

ನಿನ್ನ ಎದೆಯ ಸದ್ದಿನ ವಿಷಯ ಪೊಲೀಸರಿಗೂ ಹೇಳಿದೆ. ಅವರು ಬರೆದುಕೊಳ್ಳಲೂ ಇಲ್ಲ. ನಿನ್ನ ದೊಡ್ಡಪ್ಪ ಅಸಾನ್‌ಕುಲ್ ಬಿಳಿಗಡ್ಡದ ಹಿರಿಯರನ್ನು ಕಟ್ಟಿಕೊಂಡು ನನ್ನ ಅಂಗಳಕ್ಕೆ ಬಂದ. ನಿನ್ನ ಆಟದ ಕೆಂಪು ಕುದುರೆಯನ್ನು ತಪ್ಪುಕಾಣಿಕೆ ಎಂದು ತಂದಿದ್ದ. "ತಂಗೀ, ಕೋಪ ಬಿಡು. ಸಾವಿನ ಸುದ್ದಿನ ಹಿರಿಯರ ಬಾಯಲ್ಲಿ ಸುತ್ತಿಬಳಸಿ ಹೇಳಿಸ್ಬೇಕು ಅನ್ನೋದು ನಮ್ಮ ಪದ್ಧತಿ. ನೀನು ಕೊಡಲಿ ಏಟಿನ ಹಾಗೆ ಹೇಳ್ಬಿಟ್ಟೆ. ಇಬ್ಬರದ್ದೂ ತಪ್ಪು. ಕುದುರೆ ಕಡಿಯೋಣ, ಕೂತು ಉಣ್ಣೋಣ, ಮುಗೀತು" ಎಂದ. ಪದ್ಧತಿ ಮರೆತದ್ದು ನಿಜ, ಅದಕ್ಕೆ ತಲೆ ಬಾಗಿಸಿದೆ. ಆದರೆ ಮರೆತದ್ದಕ್ಕೂ ಬೆರಳು ಪುಡಿ ಮಾಡಿದ್ದಕ್ಕೂ ಒಂದೇ ತಕ್ಕಡಿಯೇ? "ಕುದುರೆ ಬೇಡ ಅಣ್ಣಾ, ಅವನನ್ನ ಎದೆ ಪರೀಕ್ಷೆಗೆ ಕಳಿಸಿ" ಎಂದೆ. "ಜೈಲು ಸಾಲ್ದು ಅಂತ ಕಾಯಿಲೇನೂ ಅಂಟಿಸ್ತೀಯಾ?" ಎಂದು ಅವನು ನಕ್ಕ. ಜಾಮೀನಿನ ಮೇಲೆ ಹೊರಬಂದು ಗೇಟಿನ ಆಚೆ ನಿಂತಿದ್ದ ನೀನು ಉಗುಳಿ, "ನಮ್ಮಮ್ಮನ್ನ ನುಂಗಿದ್ದು ಸಾಲ್ಲಿಲ್ವಾ? ನನ್ನೆದೆಗೂ ಕುದುರೆ ತೊಗಲು ಹೊಲೀತೀಯಾ?" ಎಂದೆ. ಎಲ್ಲರೂ ನಕ್ಕರು. ಕುದುರೆ ನಿಮ್ಮ ಜೊತೆಗೇ ವಾಪಸು ಹೋಯಿತು.

ಮೊನ್ನೆ ನಿನ್ನ ಹೆಂಡತಿ ಬೆಗಾಯಿಮ್ ಬಂದಿದ್ದಳು. ಅವಳ ಮೇಲೆ ಕೈ ಎತ್ತಿದೆ ಎಂದು ತಿಳಿದರೆ ನಾನೇ ಬರುತ್ತೇನೆ, ನನಗಿನ್ನೂ ಒಂದು ಕೈ ನೆಟ್ಟಗಿದೆ. "ಹೋದ ಆಟದಲ್ಲಿ ಹೋತದ ಹೆಣ ಎತ್ತೋಕೆ ಬಗ್ಗಿದವರು ಕುದುರೆ ಮೇಲೇ ಕಣ್ಣು ಕತ್ತಲೆ ಬಂದು ಒರಗಿಬಿಟ್ರು. ಎಲ್ಲರ ಹತ್ರ ಕುದುರೆ ಎಡವಿತು ಅಂತ ಹೇಳಿದಾರೆ" ಎಂದಳು. ನೀನು ಮೆಟ್ಟಿಲಿನಲ್ಲಿ ನಿಂತು ನಿಂತು ಹತ್ತುತ್ತೀಯಂತೆ. ಹಾಗಾದರೆ ನಿನ್ನ ಹೃದಯದ ಬಾಗಿಲು ಬಹುಪಾಲು ಮುಚ್ಚಿದೆ ಶೆರ್‌ಗಾಜಿ. ತಲೆ ಕಡಿದ ಹೋತವನ್ನು ತೊಡೆಯ ಕೆಳಗೆ ಒತ್ತಿಕೊಂಡು, ಅಕ್ಕಪಕ್ಕದವರ ಚಾಟಿ ಏಟು ತಿನ್ನುತ್ತಾ ಓಡಿಸುವಾಗ ದೇಹ ಹೆಚ್ಚು ರಕ್ತ ಕೇಳುತ್ತದೆ. ಹೃದಯಕ್ಕೆ ಕೊಡಲು ಆಗುವುದಿಲ್ಲ. ನೆಲಕ್ಕೆ ಬೀಳುವ ಮೊದಲೇ ಪ್ರಾಣ ಹೋಗಿರುತ್ತದೆ. ಹಿಂದಿನಿಂದ ಬರುವ ಕುದುರೆಗಳು ನಿನ್ನನ್ನು ತುಳಿದುಕೊಂಡೇ ಹೋಗುತ್ತವೆ.

ಸತ್ತರೆ ಸಾಯಲಿ ಎಂದು ನನಗೆ ಅನ್ನಿಸಲಿಲ್ಲವೇ? ಅನ್ನಿಸಿತು. ಎತ್ತಲಾಗದೆ ಕಾಫಿ ಲೋಟ ನೆಲಕ್ಕೆ ಬಿದ್ದು ಒಡೆದಾಗಲೆಲ್ಲ ಅನ್ನಿಸಿತು. ಈ ಕೈ ಇನ್ನು ತಂತಿ ಹಿಡಿಯುವುದಿಲ್ಲ, ದಾರವನ್ನೂ ಪೋಣಿಸುವುದಿಲ್ಲ. ನಿನ್ನ ಕತ್ತು ಹಿಸುಕುವ ಕನಸು ಬೀಳುತ್ತದೆ, ಕನಸಿನಲ್ಲಿ ಬೆರಳೆಲ್ಲ ಸರಿಯಿರುತ್ತವೆ. ಆದರೆ ಆ ಸದ್ದು ನನ್ನ ಕಿವಿಗೆ ಬಿದ್ದಾಗಿದೆ. ಕಿವಿಗೆ ಬಿದ್ದ ಮೇಲೆ ನೀನು ನನ್ನ ರೋಗಿ.

ಅದಕ್ಕೇ ಹೇಳುತ್ತಿದ್ದೇನೆ, ಆಟ ಬಿಟ್ಟು ಆಸ್ಪತ್ರೆಗೆ ಬಾ. ಮೊದಲು ಚಿತ್ರ ತೆಗೆದು ನೋಡಬೇಕು. ಮೇಲಿನ ನಾಳವೂ ಉಬ್ಬಿದ್ದರೆ, ನಿನ್ನ ವಯಸ್ಸಿಗೆ ಎದೆ ಬಿಚ್ಚಿ ಎರಡನ್ನೂ ಬದಲಿಸುವುದೇ ಮೇಲು, ಶಸ್ತ್ರವೈದ್ಯರು ಮಾಡುತ್ತಾರೆ. ಉಬ್ಬದಿದ್ದರೆ ತಿಲೆಕ್ ನನ್ನ ಕವಾಟ ಹಾಕುತ್ತಾನೆ, ನಾನು ಅವನ ಬೆನ್ನ ಹಿಂದೆ ನಿಂತು ಹೇಳಿಕೊಡುತ್ತೇನೆ. ಕೇಳಿದ್ದಕ್ಕೆ ಅವನು ದವಡೆ ಸವರಿಕೊಳ್ಳುತ್ತಾ, "ಬರ್ಲಿ ಅಕ್ಕಾ, ಮಾಡ್ತೀನಿ. ಚುಚ್ಚೋವಾಗ ಮಾತ್ರ ಇನ್ನೊಂಚೂರು ದಪ್ಪ ಸೂಜಿ ತಗೋತೀನಿ" ಎಂದ. ಹೆದರಬೇಡ, ಅವನ ಕೈ ಬಲು ಹಗುರ.

ಗುಣವಾದ ಮೇಲೆ ನೀನು ನಡೆದು ಕೋರ್ಟಿಗೆ ಬರಬೇಕು. ನಾನೂ ಬರುತ್ತೇನೆ. ಹಿರಿಯರು ಇನ್ನೊಂದು ಕುದುರೆ ತಂದರೂ, ಇಡೀ ಮಂದೆಯನ್ನೇ ತಂದು ಕಟ್ಟಿದರೂ ಒಪ್ಪುವುದಿಲ್ಲ. ಈ ಕೈಯನ್ನು ನ್ಯಾಯಾಧೀಶರ ಮುಂದೆ ಎತ್ತಿ ತೋರಿಸುತ್ತೇನೆ. ನಿನ್ನ ಹೆಣದ ಮುಂದೆ ತೋರಿಸಿದರೆ ಏನು ಬಂತು? ಕಟಕಟೆಯಲ್ಲಿ ನೀನು ನೆಟ್ಟಗೆ ನಿಂತಿರಬೇಕು, ಏದುಸಿರು ಬಿಡದೆ ನನ್ನ ಮಾತು ಪೂರ್ತಿ ಕೇಳಬೇಕು.

ನೂರು ವರ್ಷ ಬಾಳು ಶೆರ್‌ಗಾಜಿ. ಮೊದಲಿನ ಕೆಲವನ್ನು ಜೈಲಿನಲ್ಲಿ ಕಳೆ.

ನಿನ್ನನ್ನು ಕ್ಷಮಿಸದ, ನಿನ್ನ ವೈದ್ಯೆ,
ಬುರುಲ್ಚಾ