ಮೃತ ಪಾಲುದಾರ ಶೆಟ್ಟೆಪ್ಪ

ಆಗಸ್ಟ್ 12, ಸೋಮವಾರ. ಸಂಜೆ

ಇವತ್ತೂ ಅದೇ ಕಾಗೆಯ ಮಾತು. ಬೆಳಗ್ಗೆಯಿಂದ ಶೆಟ್ಟೆಪ್ಪ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ. ನಿನ್ನೆ ಕುಲಗೋಡದಲ್ಲಿ ಪೆಂಡಾಲ್ ಬಿಚ್ಚುವಾಗ ಕುಕ್ಕಿ ಹೋಯಿತಲ್ಲ, ಅದು. ಗಾಯ ಇಲ್ಲ, ರಕ್ತ ಇಲ್ಲ. ಮುಖ ಮಾತ್ರ ಹಳಸಿದ ಅಂಬಲಿ.

ನಾನಂದೆ, "ನಿನ್ನ ಬೋಳತಲಿ ಕಂಡು ಕಾಗಿಗಿ ತನ್ನ ತತ್ತಿ ಅನಿಸೇತಿ. ಪಾಪ, ಕಾವ ಕೊಡಾಕ ಬಂದಿತ್ತು."

ಮಾಲಿಂಗ ಬಿದ್ದು ಬಿದ್ದು ನಕ್ಕ. ಶೆಟ್ಟೆಪ್ಪ ನಗಲಿಲ್ಲ. ನಾವು ಮೂವರೂ ಕೂಡಿ ಮೂಡಲಗಿಯಲ್ಲಿ ಪೆಂಡಾಲ್-ಪಾತ್ರೆ ಬಾಡಿಗೆ ದಂಧೆ ಶುರು ಮಾಡಿ ಅರ್ಧ ಆಯುಷ್ಯ ಕಳೆಯಿತು. ನನ್ನ ಜೋಕಿಗೆ ಅವನು ನಗದೇ ಇದ್ದದ್ದು ಇದೇ ಮೊದಲು.

"ಶಾಸ್ತ್ರ ಮಾಡಬೇಕೋ ದುರ್ಗ್ಯಾ" ಅಂದ.

ಕಾಗೆ ತಲೆ ಮುಟ್ಟಿದರೆ ಏನು ಮಾಡಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮುಟ್ಟಿಸಿಕೊಂಡವನು ಸತ್ತ ಅಂತ ಅವನ ಮಂದಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅಳಬೇಕು. ಆಮೇಲೆ ಇವನೇ ಹೋಗಿ ಅವರ ಮನೆಯಲ್ಲಿ ಕೂತು ಉಣ್ಣಬೇಕು. ಅಲ್ಲಿಗೆ ಸಾವು ಒಮ್ಮೆ ಬಂದು ಹೋದ ಹಾಗೆ. ಮತ್ತೆ ಬರುವ ಕೆಲಸ ಅದಕ್ಕೆ ಇರುವುದಿಲ್ಲ.

ಆದರೆ ಶೆಟ್ಟೆಪ್ಪನಿಗೆ ಅಳುವವರು ಯಾರು? ಹೆಂಡತಿ ತೀರಿಕೊಂಡು ಬಹಳ ವರ್ಷ. ಮಕ್ಕಳಿಲ್ಲ. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಅಕ್ಕ ಇಂದ್ರವ್ವ ಒಬ್ಬಳೇ.

"ಅಕ್ಕಗ ಬಿ.ಪಿ. ಐತಿ. ಸುಳ್ಳ ಸುದ್ದಿ ಕೇಳಿ ಆಕಿ ಖರೇನ ಹೋಗಿಬಿಟ್ರ?" ಅಂದ.

ಆಗ ಮೇಲಿನಿಂದ ಹುಡುಗರ ಗದ್ದಲ ಕೇಳಿಸಿತು. ನಮ್ಮ ಗೋದಾಮಿನ ಮೇಲೆ ಶ್ರೀಶೈಲ ಸರ್ ಅವರ ಕಾಮರ್ಸ್ ಟ್ಯೂಷನ್. ನನಗೊಂದು ಐಡಿಯಾ ಹೊಳೆಯಿತು. ನನಗೆ ಐಡಿಯಾ ಹೊಳೆದಾಗೆಲ್ಲ ನನ್ನ ಹೆಂಡತಿ ಪದ್ಮವ್ವ ದೇವರಿಗೆ ಎಣ್ಣೆ ಹಾಕುತ್ತಾಳೆ.

ಆಗಸ್ಟ್ 14, ಬುಧವಾರ

ಸರ್ ಒಪ್ಪಿದರು!

ಪುಸ್ತಕದ ಲೆಕ್ಕಗಳಲ್ಲಿ ಬರೀ ಎ, ಬಿ, ಸಿ ಪಾಲುದಾರರು ಇರುತ್ತಾರಂತೆ. ಹಳ್ಳಿ ಹುಡುಗರ ತಲೆಗೆ ಹತ್ತುವುದಿಲ್ಲ. ಅದಕ್ಕೇ ಸರ್ ತಾವೇ ಅಭ್ಯಾಸದ ಲೆಕ್ಕ ಕಟ್ಟುತ್ತಾರೆ, ನಮ್ಮ ಊರುಗಳ ಹೆಸರು, ನಮ್ಮ ಮಂದಿಯ ಹೆಸರು ಹಾಕುತ್ತಾರೆ. ಹೋದ ತಿಂಗಳು 'ಪಾಲುದಾರನ ಸೇರ್ಪಡೆ' ಪಾಠಕ್ಕೆ ನಾವು ಮೂವರೂ ಇದ್ದೆವು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟ ನಾನು ಪಿ.ಯು.ಸಿ. ಲೆಕ್ಕದೊಳಗೆ ಸೇರಿಬಿಟ್ಟೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಈಗ ಹೊಸ ಪಾಠ. ಪಾಲುದಾರನ ಮರಣ.

"ಸರ್, ಯಾರೋ ಒಬ್ಬಾಂವ ಸಾಯಲೇಬೇಕಲ್ರಿ. ನಮ್ಮ ಶೆಟ್ಟೆಪ್ಪನ್ನ ಸಾಯಿಸ್ರಿ, ಪುಣ್ಯಾ ಬರತೈತಿ" ಅಂದೆ. ಕಾಗೆಯ ಕಥೆ ಹೇಳಿದೆ.

ನಕ್ಕರು. "ಅಲ್ಲಪಾ ದುರ್ಗಪ್ಪ, ಅಳಾವ್ರು ಯಾರು?"

"ಅಕೌಂಟ್ಸ್ ಬಿಡಿಸುಮುಂದ ಹುಡುಗುರು ಹೆಂಗೂ ಅಳತಾವಲ್ರಿ!"

ಆಗಲೇ ಕಂಪ್ಯೂಟರಿನಲ್ಲಿ ಹೊಡೆದರು. ಓದಿ ತೋರಿಸಿದರು — ದುರ್ಗಪ್ಪ, ಶೆಟ್ಟೆಪ್ಪ ಮತ್ತು ಮಾಲಿಂಗ ಲಾಭ-ನಷ್ಟವನ್ನು ಸಮನಾಗಿ ಹಂಚಿಕೊಳ್ಳುವ ಪಾಲುದಾರರು. 2024ರ ಸೆಪ್ಟೆಂಬರ್ 30ರಂದು ಶೆಟ್ಟೆಪ್ಪ ಮರಣ ಹೊಂದಿದರು. ಮೃತ ಪಾಲುದಾರನ ಬಂಡವಾಳ ಖಾತೆ ತಯಾರಿಸಿರಿ.

"ಆ ದಿನ ಇನ್ನೂ ಬಂದಿಲ್ಲಲ್ರಿ?"

"ಲೆಕ್ಕದ ವರ್ಷ ಏಪ್ರಿಲ್‌ದಿಂದ. ಅರ್ಧ ವರ್ಷಕ್ಕ ಸತ್ರ ಲೆಕ್ಕ ಮಾಡಾಕ ಸಸಾರ ಆಗತೈತಿ" ಅಂದರು.

ಅಲ್ಲಿಂದಲೇ ವಾಟ್ಸಾಪ್. ಗೋಕಾಕ, ಹುಕ್ಕೇರಿ, ಕೌಜಲಗಿಯ ಹುಡುಗರಿಗೂ ಹೋಯಿತಂತೆ. ಕೆಳಗೆ ಬಂದು ಶೆಟ್ಟೆಪ್ಪನಿಗೆ ಹೇಳಿದೆ — ನೀ ಮೂರು ತಾಲೂಕಿನಾಗ ಸತ್ತಿ ನೋಡಪಾ. ಈಗ ನಕ್ಕ. ಚಹಾ ಅವನೇ ಕುಡಿಸಿದ.

ಆಗಸ್ಟ್ 23, ಶುಕ್ರವಾರ

ಶ್ರಾವಣದ ಕೆಲಸ. ಉಸಿರಾಡಲೂ ಪುರಸೊತ್ತಿಲ್ಲ.

ಮಧ್ಯಾಹ್ನ ಟ್ಯೂಷನ್ ಬಿಟ್ಟಾಗ ಒಂದು ಹುಡುಗಿ ಗೋದಾಮಿನ ಬಾಗಿಲಲ್ಲಿ ನಿಂತಳು. ಶೆಟ್ಟೆಪ್ಪ ದೊಡ್ಡ ಹಂಡೆ ತಿಕ್ಕುತ್ತಿದ್ದ. ಅವನನ್ನೇ ನೋಡಿದಳು.

"ಕಾಕಾರ, ಶೆಟ್ಟೆಪ್ಪ ಅಂದ್ರ ನೀವೇನ್ರಿ?"

"ಹೌದವಾ."

"ನಿಮ್ಮ ವಾರಸುದಾರರು ಯಾರ್ರಿ? ಲೆಕ್ಕದಾಗ ಕೊಟ್ಟಿಲ್ಲ. ರೊಕ್ಕ ಯಾರಿಗೆ ವರ್ಗಾ ಮಾಡೂದು ತಿಳಿವಲ್ದು."

ನಾನು ಹೊಟ್ಟೆ ಹಿಡಿದು ನಕ್ಕೆ. ಶೆಟ್ಟೆಪ್ಪ ಮಾತ್ರ ಕೈ ತೊಳೆದುಕೊಂಡು ಎದ್ದು ನಿಂತು, ಬ್ಯಾಂಕಿನಲ್ಲಿ ಹೇಳುವ ಹಾಗೆ ಹೇಳಿದ, "ಅಕ್ಕ ಒಬ್ಬಾಕಿ ಅದಾಳವಾ. ಇಂದ್ರವ್ವ ಅಂತ. ದಡ್ಡಿ."

ಹುಡುಗಿ ಬರೆದುಕೊಂಡು ಹೋದಳು.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಗಣಪತಿ ಕೂರಿಸುವ ಪೆಂಡಾಲ್, ಕುಲಗೋಡ. ಹಾಕಿ ಮುಗಿದ ಮೇಲೆ ಊರ ಹಿರಿಯರು ಕರೆದು ಟವೆಲ್, ಕಾಯಿ ಕೊಟ್ಟರು. ನನಗೆ. ಮಾಲಿಂಗನಿಗೆ. ಮುಂದೆ ಹೋದರು.

ಶೆಟ್ಟೆಪ್ಪ ನಮ್ಮಿಬ್ಬರ ನಡುವೆ ನಿಂತಿದ್ದ. ಕೈ ಮುಂದೆ ಚಾಚಿದ್ದ.

ನಾನು, "ಗೌಡ್ರ, ನಡುವ ಒಬ್ಬಾಂವ ಉಳದಾನ್ರಿ" ಅಂದೆ. ಹಿರಿಯರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಬಾವಿಯೊಳಗೆ ಬಿದ್ದ ಬಿಂದಿಗೆ ಹುಡುಕುವ ಹಾಗೆ. ಆಮೇಲೆ, "ಅಯ್ಯ, ಶೆಟ್ಟೆಪ್ಪ! ಎಲ್ಲಿದ್ಯೋ ಮಾರಾಯಾ?" ಅಂದರು.

ಚಷ್ಮಾ ಬದಲಿಸಬೇಕು ಅವರು. ಅಷ್ಟೇ.

ಸೆಪ್ಟೆಂಬರ್ 17, ಮಂಗಳವಾರ

ಬರೆಯುವುದೋ ಬೇಡವೋ... ಬರೆದುಬಿಡುತ್ತೇನೆ.

ನಮ್ಮ ಬಿದಿರಿನ ಏಣಿ. ಶೆಟ್ಟೆಪ್ಪ ಹೊಟ್ಟೆಯ ಮನುಷ್ಯ. ಅವನು ಹತ್ತಿದರೆ ಏಣಿ ಕಿರ್ರ್ ಅಂತ ಅಳುತ್ತಿತ್ತು. 'ಏಣಿಯ ಗೋಳು' ಅಂತ ನಾನು ಅದರ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದೆ. ಇವತ್ತು ಹತ್ತಿದ, ಹಗ್ಗ ಕಟ್ಟಿದ, ಇಳಿದ. ಏಣಿ ಸುಮ್ಮನಿತ್ತು. ಅವನು ಇಳಿದ ಮೇಲೆ ನಾನು ಹತ್ತಿದೆ. ನಾನು ಕಡ್ಡಿ. ಕಿರ್ರ್ ಅಂದಿತು.

ಮಾಲಿಂಗನ ಮುಖ ನೋಡಿದೆ. ಅವನೂ ನನ್ನ ಮುಖ ನೋಡುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಅವನನ್ನು ಮನೆಗೇ ಕರೆದುಕೊಂಡು ಬಂದೆ. ಪದ್ಮವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅವನಿಗೆ ಪ್ರಾಣ ಅದು. ತಿಂದ. "ಉಪ್ಪ ಹಾಕಿಲ್ಲೇನವಾ?" ಅಂದ. ನನ್ನ ತಾಟಿನಲ್ಲಿ ಉಪ್ಪು ಸರಿ ಇತ್ತು. ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಅವನಿಗೆ ಹತ್ತಲೇ ಇಲ್ಲ.

ಅವನು ಕೈ ತೊಳೆಯುತ್ತಿದ್ದಾಗ ಪದ್ಮವ್ವ ನಿಟ್ಟುಸಿರು ಬಿಟ್ಟಳು, "ಶೆಟ್ಟಣ್ಣ ಭಾಳ ಚಲೋ ಮನಷ್ಯಾ ಇದ್ದ."

ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. ಯಾಕೆ ಹಾಗಂದೆ ಅಂತ ಅವಳಿಗೇ ಗೊತ್ತಿಲ್ಲ.

ಅವನು ಹೋದ ಮೇಲೆ ಎಲ್ಲ ಹೇಳಿದೆ. ಕಾಗೆ, ಸರ್, ಲೆಕ್ಕ. ಪದ್ಮವ್ವ ನೆಲಕ್ಕೆ ಕೂತುಬಿಟ್ಟಳು.

"ಸಾವಿನ ಸುದ್ದಿ ಕಳಿಸಿದ್ರಿ. ಅತ್ತವ್ರು ಯಾರು?"

"ಹುಡುಗುರು..."

"ಹುಡುಗುರು ಅಳಲಿಲ್ಲರಿ. ಅವನ ಪಾಲ ಹಂಚಿದ್ರು! ಅಳೂದು ಬಿಟ್ಟು ಆಸ್ತಿ ಹಂಚಿದ್ರ ಅದು ಶಾಸ್ತ್ರ ಅಲ್ಲ, ದಿವಸ ಮಾಡಿದಂಗ. ಸಾವಿಗೆ ಎಲ್ಲಾ ತಯಾರಿ ಮಾಡಿ ಕರದೀರಿ ನೀವು."

ನನಗೆ ಒಂದು ಜೋಕೂ ಹೊಳೆಯಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಸರ್ ಹತ್ತಿರ ಹೋದೆ. ತೆಗೆಯಿರಿ ಸರ್, ಕೈ ಮುಗೀತೀನಿ ಅಂದೆ. ಅವರು ಒಳ್ಳೆಯವರು. ಆಗಲೇ ಅಳಿಸಿದರು. ಆದರೆ, "ಮಂದಿ ಮೊಬೈಲಿಗೆ ಹೋಗಿದ್ದನ್ನ ನಾ ಹೆಂಗ ತಗೀಲಿ ದುರ್ಗಪ್ಪ? ಹುಕ್ಕೇರಿ ಕಡೆ ಟ್ಯೂಷನ್ದವರೂ ಅದನ್ನ ಬಿಡಿಸಾಕತ್ತಾರಂತ" ಅಂದರು.

ಅಷ್ಟರಲ್ಲಿ ಒಳಗೆ ಹುಡುಗರು ಒಟ್ಟಿಗೆ ಓದಲು ಶುರು ಮಾಡಿದರು. ಪರೀಕ್ಷೆಗೆ ಬಾಯಿಪಾಠ. ಮೃತ ಪಾಲುದಾರ ಶೆಟ್ಟೆಪ್ಪನ ಲಾಭದ ಪಾಲು. ಮೃತ ಪಾಲುದಾರ ಶೆಟ್ಟೆಪ್ಪನ ಕೀರ್ತಿಮೌಲ್ಯದ ಪಾಲು. ಭಜನೆಯ ಹಾಗೆ. ಎಳೆಯ ಗಂಟಲುಗಳು, ಒಂದೇ ರಾಗ.

ಮೆಟ್ಟಿಲಿಳಿದು ಬಂದೆ. ಕೆಳಗೆ ಶೆಟ್ಟೆಪ್ಪ ಸುತ್ತಿಟ್ಟ ಜಮಖಾನೆಯ ಮೇಲೆ ಕೂತು ಕೇಳುತ್ತಿದ್ದ. ತಲೆದೂಗುತ್ತಿದ್ದ.

"ಚಲೋ ಓದತಾವಲ್ಲೋ" ಅಂದ.

"ಏಳ, ಚಹಾ ಕುಡಿಯೂಣು."

"ದುರ್ಗ್ಯಾ, ನನಗ ಅಂಜಿಕಿ ಇಲ್ಲ. ಖರೇ ಹೇಳ್ತೀನಿ. ಆದ್ರ ನನ್ನ ಸಲುವಾಗಿ ಒಂದ ಹನಿ ನೀರ ಯಾರೂ ಹಾಕಲಿಲ್ಲಲ್ಲ ಅಂತ... ಅದೊಂದು ಹೊಟ್ಟ್ಯಾಗ ಕುಂತೈತಿ."

ಅವನ ಹೆಗಲ ಮೇಲೆ ಕೈ ಹಾಕಿದೆ. ಅಂಗಿ ಸಿಕ್ಕಿತು. ಹೆಗಲು ಇನ್ನೂ ಸ್ವಲ್ಪ ಆಚೆ ಇತ್ತು.

ನಾನೇ ಅತ್ತುಬಿಡೋಣ ಅಂತ ಹಿಂದಿನ ಓಣಿಗೆ ಹೋಗಿ ನಿಂತೆ. ಬರಲಿಲ್ಲ. ಜನ್ಮ ಪೂರ್ತಿ ನಗಿಸಿದ ಮುಖ. ಅದಕ್ಕೆ ಬೇರೆ ಕೆಲಸ ಬರುವುದಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ. ದಡ್ಡಿಯಿಂದ ಬರುವಾಗ, ಬಸ್ಸಿನಲ್ಲಿ

ಬಿ.ಪಿ. ಆದರೂ ಆಗಲಿ ಅಂತ ಇಂದ್ರಕ್ಕನ ಹತ್ತಿರವೇ ಹೋದೆ. ಶೆಟ್ಟೆಪ್ಪನಿಗೆ ಹೇಳಲಿಲ್ಲ.

ಕಾಳು ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಮುಖ ಸಣ್ಣ ಮಾಡುವುದನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತು ಹೇಳಿದೆ, "ಅಕ್ಕಾ... ಶೆಟ್ಟೆಪ್ಪ ಹ್ವಾದ."

ತಲೆ ಎತ್ತಿದಳು. ನನ್ನ ಮುಖ ನೋಡಿದಳು. ನಗಲು ಶುರು ಮಾಡಿದಳು.

"ಹೋಗೋ ಹುಚ್ಚಪ್ಯಾಲಿ! ಆ ಮಾರಿ ನೋಡ್ರೆವ್ವಾ, ಆ ಮಾರಿ!"

"ಅಕ್ಕಾ, ಖರೇನ."

"ನಮ್ಮ ಅಪ್ಪನ ಮಣ್ಣಾಗ ಹೊತ್ತವ್ರನ್ನ ನಗಿಸಿ ಹೆಣಾ ಬೀಳಿಸಿದಾಂವ ನೀನು. ನಿನ್ನ ಬಾಯಾಗ ಸಾವೂ ಸುಳ್ಳ ಆಗತೈತಿ."

ನಾನು ಆಣೆ ಮಾಡಿದಷ್ಟೂ ಜೋರಾಗಿ ನಕ್ಕಳು. ಮೊರ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ನಕ್ಕಳು. ಕೊನೆಗೆ ಕಣ್ಣಿಂದ ನೀರು ಇಳಿಯಿತು. ಧಾರಾಳವಾಗಿ ಇಳಿಯಿತು. ಸೆರಗಿನಿಂದ ಒರೆಸಿಕೊಂಡಳು.

ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ?

ಆಮೇಲೆ ಕಾಗೆಯ ಕಥೆ ಹೇಳಿದೆ. ಮೊರ ಮತ್ತೆ ಹತ್ತಿರ ಎಳೆದುಕೊಂಡಳು.

"ಕಣ್ಣೀರ ಅಂದ್ರ ಕಣ್ಣೀರ. ನಕ್ರೇನು, ಅತ್ರೇನು. ಸೋಮವಾರ ಅವನ್ನ ಕರಕೊಂಡ ಬಾ. ಹೋಳಿಗಿ ಮಾಡ್ತೀನಿ. ನನ್ನ ಮನ್ಯಾಗ ಕುಂತು ಉಂಡ್ರ ಮುಗೀತು."

ಸೋಮವಾರ ಮೂವತ್ತನೇ ತಾರೀಕು. ಅವಳಿಗೆ ಅದನ್ನು ಹೇಳಲಿಲ್ಲ.

ಸೆಪ್ಟೆಂಬರ್ 30, ಸೋಮವಾರ. ಬೆಳಗ್ಗೆ

ಪಕ್ಷದ ದಿನಗಳು. ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ. ಕೌಜಲಗಿಯಲ್ಲಿ ಒಂದು ಮನೆಗೆ ಪಾತ್ರೆ ಮುಟ್ಟಿಸಬೇಕು. ಬೇಡ ಅಂದರೂ ಶೆಟ್ಟೆಪ್ಪ ಕೇಳಲಿಲ್ಲ. "ಮಾತ ಕೊಟ್ಟೇವಿ. ಪಾತ್ರೆ ಇಳಿಸಿ ಮಾಲಿಂಗನ ಗಾಡ್ಯಾಗ ಸೀದಾ ದಡ್ಡಿಗೆ ಬರ್ತೀನಿ. ನೀ ಮುಂದ ಹೋಗಿ ಅಕ್ಕಗ ಧೈರ್ಯಾ ಹೇಳ."

ಮಾಲಿಂಗನ ಟೆಂಪೋ ಹತ್ತಿ ಕೈ ಬೀಸಿದ. ಇವತ್ತು ಅಪರೂಪಕ್ಕೆ ಅವನ ಮುಖದಲ್ಲಿ ಬಣ್ಣ ಇತ್ತು. "ಅಕ್ಕ ಅತ್ಲಂತಲ್ಲೋ!" ಅಂತ ಕೂಗಿದ.

"ಹೊರಳಾಡಿ ಅತ್ಲು" ಅಂದೆ.

ಮಧ್ಯಾಹ್ನ. ದಡ್ಡಿ

ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದೇನೆ. ಇಲ್ಲಿಂದ ರಸ್ತೆ ಪೂರ್ತಿ ಕಾಣುತ್ತದೆ. ಈ ಮನೆಗೆ ಇದೊಂದೇ ಬಾಗಿಲು. ಹಿತ್ತಲ ಬಾಗಿಲು ಹೊಳೆ ಬಂದ ವರ್ಷವೇ ಕಲ್ಲಿಟ್ಟು ಮುಚ್ಚಿದ್ದಾರೆ. ಒಳಗೆ ಇಂದ್ರಕ್ಕ ಒಬ್ಬಳೇ. ತುಪ್ಪದ ವಾಸನೆ.

ಒಂದು ಬಸ್ ಬಂತು, ಹೋಯಿತು. ಮಾಲಿಂಗನ ಗಾಡಿ ಇಲ್ಲ. ನಾನೇ ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುತ್ತಿರಬೇಕು. ಓಡಿಸುವಾಗ ಎತ್ತಬಾರದು, ಸರಿಯೇ.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಒಳಗೆ ಇಂದ್ರಕ್ಕ ಯಾರ ಜೊತೆಗೋ ಮಾತಾಡುತ್ತಿದ್ದಾಳೆ. ಮೆಲ್ಲಗೆ. ಬೈಯುವ ಹಾಗೆ, ಮುದ್ದು ಮಾಡುವ ಹಾಗೆ. "ಇನ್ನೊಂದು ಹಾಕ್ಕೋ... ಉಪ್ಪ ಹತ್ತಿತಲಾ?"

ಈಗ ಫೋನ್ ಹೊಡೆದುಕೊಳ್ಳುತ್ತಿದೆ. ಮಾಲಿಂಗ.

ಒಳಗಿನಿಂದ ಇಂದ್ರಕ್ಕ ಕೂಗಿದಳು, "ದುರ್ಗ್ಯಾ! ಬಾರೋ ಉಣ್ಣಾಕ! ತಮ್ಮ ಆಗಳೇ ಕುಂತಾನ. ಹೋಳಿಗಿ ಆರಾಕತ್ತಾವ."

ನನ್ನ ಕಾಲು ದಾಟಿ ಯಾರೂ ಒಳಗೆ ಹೋಗಿಲ್ಲ.

ಫೋನ್ ನಿಂತಿತು. ಮತ್ತೆ ಹೊಡೆದುಕೊಳ್ಳುತ್ತಿದೆ. ಎತ್ತುವುದಿಲ್ಲ. ಶೆಟ್ಟೆಪ್ಪ ಉಂಡು ಏಳಲಿ. ಅಲ್ಲಿಯವರೆಗೆ ಯಾರೂ ನನಗೆ ಏನೂ ಹೇಳಬಾರದು.

ಅಕ್ಷರಗಳು ಒದ್ದೆಯಾಗಿ ಹರಡುತ್ತಿವೆ... ಅಳು ಬಂತಲ್ಲ ಕೊನೆಗೂ.

"ಬಂದ್ಯಾ ಇಲ್ಲೋ?"

ಬಂದೆನಕ್ಕಾ ಅಂದೆ. ಅವನ ಪಕ್ಕದಲ್ಲೇ ನನಗೂ ತಾಟು ಇಟ್ಟಿದ್ದಾಳಂತೆ. ಹೋಗಿ ಕೂರುತ್ತೇನೆ.