ತಾಯತದೊಳಗಿನ ಕೊಂಬು

ಅಸ್ಸಾಂ, ಸೋಮವಾರ

ಅವ್ವಾ,

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸದಾಶಿವ ಕಾಕಾನ ಕೈಯಲ್ಲಿ ಓದಿಸು.

ನೀನು ಮಮದಾಪುರದಿಂದ ಕಳಿಸಿದ ತಾಯತ ಮುಟ್ಟಿತು. ಘೇಂಡಾಮೃಗ ನನ್ನನ್ನು ಹಾಯಬಾರದೆಂದು ಅದರದೇ ಕೊಂಬಿನ ಚೂರನ್ನು ಕಟ್ಟಿಸಿದ್ದೀಯಲ್ಲ, ನಿನಗೆ ಏನು ಹೇಳಲಿ? ಆ ಕೊಂಬಿಗಾಗಿಯೇ ಇಲ್ಲಿ ಅವುಗಳನ್ನು ಕೊಲ್ಲುತ್ತಾರೆ. ಅದನ್ನು ತಡೆಯುವುದೇ ನನ್ನ ನೌಕರಿ. ಆ ಪಾರ್ಸೆಲ್ಲನ್ನು ನಾನು ಬಿಚ್ಚಿದ್ದು ನಮ್ಮ ಸಾಹೇಬರ ಮೇಜಿನ ಮೇಲೆ!

ಪುಣ್ಯಕ್ಕೆ, ಪರೀಕ್ಷೆ ಮಾಡಿಸಿದರೆ ಅದು ಟಗರಿನ ಕೊಂಬು. ಹುಟ್ಟಿದಾಗಿನಿಂದ ಕುರಿ ಕಾದವಳು ನೀನು. ಹತ್ತರಗಿಯ ರಸ್ತೆ ಬದಿಯಲ್ಲಿ ಯಾರೋ "ಖರೇನ ಘೇಂಡಾದ ಕೊಂಬ ಐತಿ, ತಗೋರಿ ಯವ್ವಾ" ಅಂದರೆ ನಂಬಿಬಿಡುವುದೇ? ನಿನ್ನಂತೆ ಕೇಳುವವರು ಇದ್ದಾರೆಂದೇ ಇಲ್ಲಿ ಗುಂಡು ಹಾರುತ್ತದೆ.

ಹೋದ ವಾರ, ಕೊಂಬು ಕೊಯ್ಸಿಕೊಂಡು ಸತ್ತು ಬಿದ್ದಿದ್ದ ತಾಯಿಯ ಬಾಜೂ ನಿಂತಿದ್ದ ಮರಿಯೊಂದನ್ನು ತಂದಿದ್ದೇವೆ. ಬಾಟಲಿಯಲ್ಲಿ ಹಾಲು ಕುಡಿಯುತ್ತದೆ, ಆದರೆ ಮೈ ನಡುಗುವುದು ನಿಂತಿಲ್ಲ.

ಇನ್ನು ಮುಂದೆ ತಾಯತ ಕಳಿಸಬೇಡ. ತಬ್ಬಲಿ ಕುರಿಮರಿಗಳಿಗೆ ನೀನು ಹೊದ್ದ ಕಂಬಳಿಯನ್ನೇ ಹೊದಿಸುತ್ತೀಯಲ್ಲ, ಅದನ್ನು ಕಳಿಸು.

ತೊಳೆಯಬೇಡ.

ನಿನ್ನ ಮಗಳು,
ವಿದ್ಯಾ